ದ್ರಾಕ್ಷಿಯ ಮೈಮೇಲಿನ ಬಿಳಿ ಹುಡಿ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಗುಡ್ಡಗಳು ಕೂತ ಜಾಗ ಸರಿಬರಲಿಲ್ಲವೆಂದು ಎದ್ದು ಬೇರೆ ಕಡೆ ಹೋಗಿ ಕೂರುತ್ತಿದ್ದವು. ಡೋಣಿ ಹೊಳೆಗೆ ಯಾವ ಕಡೆ ಹರಿಯಬೇಕೆಂದು ಇನ್ನೂ ಗೊತ್ತಾಗಿರಲಿಲ್ಲ. ಬೆಳಿಗ್ಗೆ ಒಂದು ಕಡೆ ಹರಿದರೆ ಸಂಜೆ ಮತ್ತೊಂದು ಕಡೆ. ಗಾಳಿ, ನೀರು, ಗಿಡ, ಮನುಷ್ಯ, ಎಲ್ಲರೂ ಒಂದೇ ಮಾತು ಆಡುತ್ತಿದ್ದರು. ಜಗಳ ಆಡಿದರೂ ಅದೇ ಮಾತಿನಲ್ಲೇ.

ಆಗ ದ್ರಾಕ್ಷಿ ಬಳ್ಳಿಗೆ ಎಲುಬಿರಲಿಲ್ಲ. ಈಗೇನು ಇದೆಯೇ ಅನ್ನಬೇಡಿ. ಈಗಲೂ ಇಲ್ಲ. ಆದರೆ ಈಗ ಅದಕ್ಕೆ ಕಂಬ ಇದೆ, ತಂತಿ ಇದೆ, ಒರಗಲು ಆಸರೆ ಇದೆ. ಆಗ ಏನೂ ಇರಲಿಲ್ಲ ಪಾಪ. ಕರಿ ಎರೆಮಣ್ಣಿನ ಮೇಲೆ ಹೊಟ್ಟೆ ಹಚ್ಚಿ ಹರಿದಾಡುತ್ತಿತ್ತು. ದನ ತುಳಿದರೂ ಸುಮ್ಮನೆ, ಗಾಡಿ ಹಾಯ್ದರೂ ಸುಮ್ಮನೆ.

ಆದರೆ ಅದರ ಹಣ್ಣು! ಅಯ್ಯಯ್ಯೋ, ಆ ಹಣ್ಣಿನ ಸುದ್ದಿ ಏನು ಹೇಳಲಿ. ಕಪ್ಪಗೆ, ನುಣ್ಣಗೆ, ಒಂದು ಚೂರು ಧೂಳಿಲ್ಲದೆ ಫಳಫಳ ಹೊಳೆಯುತ್ತಿತ್ತು. ಒಂದೊಂದು ಹಣ್ಣಿನೊಳಗೂ ಒಂದೊಂದು ಪುಟ್ಟ ಸೂರ್ಯ ಕೂತಿರುತ್ತಿದ್ದ. ಮೇಲಿನ ಸೂರ್ಯ ಮುಳುಗುತ್ತಿದ್ದ, ಒಳಗಿನ ಸೂರ್ಯ ಮುಳುಗುತ್ತಿರಲಿಲ್ಲ. ಹಕ್ಕಿಗಳು ಆ ಬಳ್ಳಿಯ ಹತ್ತಿರ ಹೋಗುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಅದು ನಮ್ಮನ್ನು ನೋಡುತ್ತದೆ" ಎನ್ನುತ್ತಿದ್ದವು.

ಹೊಳೆಯ ಆಚೆ ದಂಡೆಯಲ್ಲಿ ಮಲಕವ್ವ ಎಂಬ ಹೆಣ್ಣುಮಗಳು ಇದ್ದಳು. ಗಂಡ ಬಾಗಪ್ಪ, ಅತ್ತೆ ಗುರುಬಾಯಿ, ತಾನು. ಮನೆಯಲ್ಲಿ ಮೂರೇ ಜನ. ಮಲಕವ್ವನದು ಕೈ ಚುರುಕು, ಮಾತೂ ಚುರುಕು. ಅತ್ತೆಯ ಮಾತು ಅದಕ್ಕಿಂತ ಚುರುಕು. ಬಾಗಪ್ಪ ಇಬ್ಬರ ನಡುವೆ ಕೂತು ತಲೆ ಆಡಿಸುತ್ತಿದ್ದ, ಅಷ್ಟೆ. ಅವನ ಆ ತಲೆ ಆಡಿಸುವಿಕೆ ಮೇಲೆ ಮಲಕವ್ವನಿಗೆ ಬಹಳ ಪ್ರೀತಿ.

ಆ ಸೀಮೆಯಲ್ಲಿ ಮುಯ್ಯಿ ಎಂಬ ಪದ್ಧತಿ ಇತ್ತು. ನಿಮ್ಮ ಹೊಲದಲ್ಲಿ ಕೆಲಸ ಬಿದ್ದಾಗ ನಾನು ಒಂದು ದಿನ ಬರಬೇಕು, ನನ್ನ ಹೊಲದಲ್ಲಿ ಬಿದ್ದಾಗ ನೀವು ಒಂದು ದಿನ ಬರಬೇಕು. ಹೀಗೆ ಬಂದವನು ಮುಯ್ಯಾಳು. ಹೊತ್ತು ಹುಟ್ಟುವಾಗ ಬಂದು ಹೊತ್ತು ಮುಳುಗಿದ ಮೇಲೆ ಹೋಗಬೇಕು. ಹೊತ್ತು ಮುಳುಗುವ ಮುಂಚೆ ಮುಯ್ಯಾಳು ಹೊಲ ಬಿಡುವಂತಿಲ್ಲ. ಯಾರೂ ಅವನನ್ನು ಎಳೆದುಕೊಂಡು ಹೋಗುವಂತೆಯೂ ಇಲ್ಲ. ಹಾಗೆ ಮಾಡಿದರೆ ಆ ಮನೆಯ ಮಾತಿಗೆ ಮುಂದೆ ಯಾರೂ ಬೆಲೆ ಕೊಡುತ್ತಿರಲಿಲ್ಲ.

ಒಂದು ವರ್ಷ ಜೋಳದ ಸುಗ್ಗಿ. ತೆನೆ ಬಾಗಿದೆ, ಕೊಯ್ಲು ಆಗಿದೆ, ಆದರೆ ಕೊಯ್ದ ದಂಟನ್ನು ಸೂಡು ಸೂಡಾಗಿ ಕಟ್ಟಲು ಆಳಿಲ್ಲ. ಮೂಡಣ ದಿಕ್ಕಿನಲ್ಲಿ ಮೋಡ ಎದ್ದಿತ್ತು. ಮಳೆ ಬಿದ್ದರೆ ವರ್ಷದ ಕಾಳು ಮಣ್ಣುಪಾಲು. ಮಲಕವ್ವ ಹೊಲದ ನಡುವೆ ನಿಂತು, "ಯಾರರೆ ಬರ್ರಿ, ಯಾರರೆ ಬರ್ರಿ" ಎಂದು ಕೂಗಿದಳು.

ಯಾರು ಬಂದರು ಗೊತ್ತೇ? ಬದುವಿನ ಮೇಲಿಂದ ಸರಸರ ಸರಸರ ಹರಿದು ದ್ರಾಕ್ಷಿ ಬಳ್ಳಿ ಬಂತು. ತನ್ನ ಸಣ್ಣ ಸಣ್ಣ ಕುಡಿಗಳಿಂದ ಜೋಳದ ದಂಟು ಅಪ್ಪಿ, ಸುತ್ತಿ, ಬಿಗಿದು, ಹೊತ್ತು ಮುಳುಗುವುದರೊಳಗೆ ಇಡೀ ಹೊಲದ ಸೂಡು ಕಟ್ಟಿಬಿಟ್ಟಿತು. ಒಂದು ಸೂಡು ಸಡಿಲ ಇರಲಿಲ್ಲ. ಅಷ್ಟು ಬಿಗಿ.

"ನಿನ್ನ ಹೊಟ್ಟಿ ತಣ್ಣಗಿರಲಿ" ಎಂದಳು ಮಲಕವ್ವ. "ನಿನ್ನ ಮುಯ್ಯಿ ನಮ್ಮ ಮ್ಯಾಲ ಐತಿ. ನೀ ಕರದ ದಿನ ನಮ್ಮ ಮನಿಯಿಂದ ಒಂದ ಆಳು ಬರತೈತಿ."

"ಒಂದು ದಿನ" ಎಂದಿತು ಬಳ್ಳಿ. ಅದರ ದನಿ ಒಣ ಎಲೆ ಉಜ್ಜಿದ ಹಾಗೆ.

"ಒಂದು ದಿನ. ಏನ ಕೆಲಸ?"

"ನಿಲ್ಲುವ ಕೆಲಸ."

ಗುರುಬಾಯಿ ಕಿಸಕ್ಕನೆ ನಕ್ಕಳು. "ನಿಲ್ಲೂದೂ ಒಂದ ಕೆಲಸೇನ? ನನ್ನ ಮಗಗ ಭಾಳ ಛಲೋ ಬರತೈತಿ ಅದು!"

ಬಾಗಪ್ಪ ತಲೆ ಆಡಿಸಿದ. ಮೂವರೂ ನಕ್ಕರು. ಬಳ್ಳಿ ನಗಲಿಲ್ಲ.

ಎಂಟು ದಿನ ಕಳೆದವು. ಒಂಬತ್ತನೆಯ ಬೆಳಿಗ್ಗೆ ಹೊಸ್ತಿಲ ಮೇಲೆ ಒಂದು ಹಸಿರು ಕುಡಿ ಬಂದು ಸುರುಳಿ ಸುತ್ತಿ ಕೂತಿತ್ತು. ಬಳ್ಳಿ ಕರೆದಿತ್ತು. ಬಾಗಪ್ಪ ತಲೆಗೆ ರುಮಾಲು ಸುತ್ತಿ, "ಹೊತ್ತು ಮುಣಗಿದ ಮ್ಯಾಲ ಬರತೀನಿ" ಎಂದು ಹೋದ.

ಹೊತ್ತು ಮುಳುಗಿತು. ಬಾಗಪ್ಪ ಬರಲಿಲ್ಲ.

ಮಲಕವ್ವ ಬಾಗಿಲಲ್ಲಿ ನಿಂತು ನೋಡಿದಳು. ದಾರಿಯಲ್ಲಿ ದನ ಬಂದವು, ಧೂಳು ಬಂತು, ಗಂಡ ಬರಲಿಲ್ಲ.  ಇನ್ನೂ ನಸುಬೆಳಕು ಇರುವಾಗಲೇ ಓಡಿದಳು.

ಬಳ್ಳಿಯ ಹೊಲದಲ್ಲಿ ಬಾಗಪ್ಪ ನಿಂತಿದ್ದ. ಎರಡೂ ಕೈ ಮೇಲೆತ್ತಿ ಆಚೆಗೊಂದು ಈಚೆಗೊಂದು ಚಾಚಿ ನಿಂತಿದ್ದ. ಬಳ್ಳಿ ಅವನ ಕಾಲು ಸುತ್ತಿ, ಸೊಂಟ ಸುತ್ತಿ, ಬೆನ್ನು ಹತ್ತಿ, ಎರಡೂ ತೋಳಿನ ಉದ್ದಕ್ಕೂ ಹಬ್ಬಿತ್ತು. ಅವನ ಕೈಗಳಿಂದ ಗೊಂಚಲು ಗೊಂಚಲು ಕಪ್ಪು ಹಣ್ಣು ಜೋತಾಡುತ್ತಿದ್ದವು. ಎಲ್ಲೆಲ್ಲೂ ಕತ್ತಲು ಇಳಿಯುತ್ತಿತ್ತು. ಆ ಹಣ್ಣುಗಳೊಳಗೆ ಮಾತ್ರ ನಟ್ಟನಡು ಮಧ್ಯಾಹ್ನ.

"ಬರ್ರಿ, ನಡೀರಿ ಮನೀಗೆ" ಎಂದಳು ಮಲಕವ್ವ.

ಬಾಗಪ್ಪನ ಕಣ್ಣು ಹಣ್ಣಿನೊಳಗಿನ ಸೂರ್ಯನ ಮೇಲೆ ನೆಟ್ಟಿತ್ತು. ರೆಪ್ಪೆ ಬಡಿಯಲಿಲ್ಲ. ತುಟಿ ಮಾತ್ರ ಅಲ್ಲಾಡಿತು.

"ಇನ್ನಾ ಹೊತ್ತೈತಿ" ಎಂದ. "ಇನ್ನಾ ಹೊತ್ತೈತಿ."

"ಎಲ್ಲೈತಿ ಹೊತ್ತು? ಮುಣಗಿ ಹೋತು!"

"ನನ್ನ ಹೊಲದಲ್ಲಿ ಇನ್ನೂ ಮುಳುಗಿಲ್ಲ" ಎಂದಿತು ಬಳ್ಳಿ. ಸುಳ್ಳು ಹೇಳಲಿಲ್ಲ ಅದು. ಅಲ್ಲಿ ಸೂರ್ಯ ಮುಳುಗಿರಲಿಲ್ಲ, ಸಾವಿರ ಸೂರ್ಯರು ಹಾಗೇ ಇದ್ದರು. "ಒಂದು ದಿನ ಎಂದು ನೀನೇ ಮಾತು ಕೊಟ್ಟವಳು, ಮಲಕವ್ವಾ. ದಿನ ಎಂದರೆ ಹೊತ್ತು ಮುಳುಗುವ ತನಕ."

ಮಲಕವ್ವನಿಗೆ ಆಗ ತಿಳಿಯಿತು ತಾನು ಮಾಡಿದ್ದೇನೆಂದು. ಯಾರ ಹೊಲದ ಹೊತ್ತು ಎಂದು ಅವಳು ಕೇಳಿರಲೇ ಇಲ್ಲ. ಕೇಳುವುದೇನು, ಹೊತ್ತು ಎಂದರೆ ಎಲ್ಲರಿಗೂ ಒಂದೇ ಎಂದುಕೊಂಡಿದ್ದಳು.

ಎರಡನೆಯ ದಿನ ಬಾಗಪ್ಪನ ಪಾದದಿಂದ ಬೇರು ಇಳಿದವು. ಮೂರನೆಯ ದಿನ ಮೊಣಕಾಲಿನ ತನಕ ತೊಗಟೆ ಬಂತು. ಮುಟ್ಟಿದರೆ ಒರಟು, ತಣ್ಣಗೆ. ತೊಗಟೆ ಎದೆ ದಾಟಿದರೆ ಮತ್ತೆ ಅವನು ಮನುಷ್ಯನಾಗುವ ಹಾಗಿರಲಿಲ್ಲ. ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಗುರುಬಾಯಿ ಕುಡಗೋಲು ತಂದಳು. "ಮಾತಿಗೆ ಬೆಂಕಿ ಬೀಳಲಿ, ಮುಯ್ಯಿಗೆ ಬೆಂಕಿ ಬೀಳಲಿ" ಎಂದು ಬಳ್ಳಿಗೆ ಒಂದೇಟು ಹಾಕಿದಳು. ಕತ್ತರಿಸಿದ ಬಾಯಿಂದ ತೊಟತೊಟ ನೀರು ಸುರಿಯಿತು. ಬಾಗಪ್ಪ "ಯವ್ವಾ!" ಎಂದು ಚೀರಿದ. ಮುದುಕಿಯ ಕೈಯಿಂದ ಕುಡಗೋಲು ಬಿತ್ತು. ಆಮೇಲೆ ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

ಮಲಕವ್ವ ಹೊಳೆಯ ಹತ್ತಿರ ಓಡಿದಳು. "ಡೋಣೆವ್ವಾ, ಆ ಹಣ್ಣಿನೊಳಗಿನ ಸೂರ್ಯನ್ನ ನಂದಿಸು."

"ನಾ ಹೆಂಗ ನಂದಿಸಲಿ?" ಎಂದಿತು ಹೊಳೆ. "ನಾ ತೊಳದರ ಅದು ಇನ್ನಾ ಹೊಳಿತೈತಿ."

ಮಲಕವ್ವ ಮಣ್ಣಿನ ಹತ್ತಿರ ಹೋದಳು. "ಎರಿಮಣ್ಣೇ, ಆ ಹಣ್ಣಿನೊಳಗಿನ ಸೂರ್ಯನ್ನ ಮುಚ್ಚು."

"ನಾ ಹೆಂಗ ಮುಚ್ಚಲಿ?" ಎಂದಿತು ಮಣ್ಣು. ಆದರೂ ಒಂದು ಹಿಡಿ ಎದ್ದು ಹೋಗಿ ಹಣ್ಣಿನ ಮೇಲೆ ಕೂತಿತು, ಸರ್ರನೆ ಜಾರಿ ಕೆಳಗೆ ಬಿತ್ತು. ಅಷ್ಟು ನುಣುಪು ಆ ಹಣ್ಣು.

ನಾಲ್ಕನೆಯ ದಿನ ತೊಗಟೆ ಬಾಗಪ್ಪನ ಹೊಕ್ಕುಳ ಮುಟ್ಟಿತು. ಅವನ ದನಿಯೂ ಬದಲಾಗಿತ್ತು, ಒಣ ಎಲೆ ಉಜ್ಜಿದ ಹಾಗೆ. "ಇನ್ನಾ ಹೊತ್ತೈತಿ. ಇನ್ನಾ ಹೊತ್ತೈತಿ." ಬಳ್ಳಿಯ ಮಾತು ಯಾವುದು, ಅವನ ಮಾತು ಯಾವುದು ಎಂದು ಗುರುತು ಹತ್ತುತ್ತಿರಲಿಲ್ಲ.

ಮಲಕವ್ವ ಗಂಡನ ಮುಂದೆ ಕುಸಿದು, ಒಂದು ಗೊಂಚಲಿಗೆ ಹಣೆ ಹಚ್ಚಿ ಅತ್ತಳು. ಜೋರಾಗಿ, ನಾಚಿಕೆ ಬಿಟ್ಟು ಅತ್ತಳು. ಬಿಕ್ಕುವಾಗ ಅವಳ ಬಿಸಿ ಉಸಿರು ಒಂದು ಹಣ್ಣಿನ ಮೇಲೆ ಬಿತ್ತು. ಹಣ್ಣು ಮಂಕಾಯಿತು. ಮೇಲೆ ತೆಳ್ಳಗೆ ಬೆಳ್ಳಗೆ ಮಂಜು ಹಿಡಿಯಿತು. ಒಳಗಿನ ಸೂರ್ಯ ಕಾಣಿಸಲಿಲ್ಲ.

ಬಾಗಪ್ಪನ ಕಿರುಬೆರಳು ಅಲ್ಲಾಡಿತು!

ಮಲಕವ್ವ ಕಣ್ಣು ಅಗಲಿಸಿ ನೋಡಿದಳು. ಮಂಜು ಮೆಲ್ಲಗೆ ಆರಿತು. ಸೂರ್ಯ ಮತ್ತೆ ಹೊಳೆದ. ಬೆರಳು ಮತ್ತೆ ಕಟ್ಟಿಗೆಯ ಹಾಗೆ ಸೆಟೆಯಿತು. ಇನ್ನೊಮ್ಮೆ ಉಸಿರು ಬಿಟ್ಟಳು. ಬೆರಳು ಅಲ್ಲಾಡಿತು, ಮಂಜು ಆರಿತು, ಬೆರಳು ನಿಂತಿತು.

ಗಾಳಿ ಅಲ್ಲೇ ಬದುವಿನ ಮೇಲೆ ಕೂತಿತ್ತು. ಆ ಸೂರ್ಯರನ್ನು ಆರಿಸಲೆಂದು ಮೂರು ದಿನದಿಂದ ಬೀಸಿ ಬೀಸಿ ಅದಕ್ಕೂ ಸಾಕಾಗಿತ್ತು.

"ಮಲಕವ್ವಾ, ಉಸಿರಿನ ಸುದ್ದಿ ನನಗ ಗೊತ್ತು" ಎಂದಿತು ಗಾಳಿ. "ನಂದು ಒಣಾ ಉಸಿರು, ಕೆಲಸಕ್ಕ ಬರೂದಿಲ್ಲ. ನಿಂದು ಹಸಿ ಐತಿ. ಆದರ ನೀ ಉಸಿರು ಬಿಡತಿ, ಮತ್ತ ಒಳಗ ಎಳಕೋತಿ. ನೀ ಎಳಕೊಂಡಾಗ ಅದೂ ನಿನ್ನ ಹಿಂದ ಬರತೈತಿ. ಹೊಳ್ಳಿ ಬ್ಯಾಡ, ತಿರುಗಿ ಬ್ಯಾಡ ಅಂತ ಕೊಟ್ಟ ಉಸಿರು ಮಾತ್ರ ಅಲ್ಲೇ ನಿಲ್ಲತೈತಿ."

"ಕೊಟ್ಟರ ಏನಾಗತೈತಿ?"

"ಕೊಟ್ಟಷ್ಟು ನಿನ್ನೊಳಗ ಕಡಿಮಿ ಆಗತೈತಿ. ಎಷ್ಟು ಐತಿ ಅಂತ ನನ್ನ ಕೇಳಬ್ಯಾಡ."

ಮಲಕವ್ವ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊದಲನೆಯ ಹಣ್ಣಿನ ಹತ್ತಿರ ಬಾಯಿ ಒಯ್ದು, "ಹೊಳ್ಳಿ ಬ್ಯಾಡ" ಎಂದು ಮನಸ್ಸಿನಲ್ಲಿ ಹೇಳಿ, ಹಾ ಎಂದು ಉಸಿರು ಬಿಟ್ಟಳು. ಮಂಜು ಹಿಡಿಯಿತು. ಆರಲಿಲ್ಲ. ಕಿರುಬೆರಳು ಬಿಚ್ಚಿತು, ಬಿಚ್ಚಿಯೇ ಉಳಿಯಿತು.

ಆಮೇಲೆ ನೋಡಿ ಅವಳ ಕೆಲಸ. ಸುಗ್ಗಿಯಲ್ಲಿ ಹೇಗೆ ಸಾಲು ಹಿಡಿದು ಕೊಯ್ಯುತ್ತಾಳೋ ಹಾಗೆಯೇ ಗೊಂಚಲು ಹಿಡಿದು ನಡೆದಳು. ಹಣ್ಣನ್ನು ಕೈಯಿಂದ ಮುಟ್ಟಲಿಲ್ಲ. ದಂಟು ಹಿಡಿದು ಗೊಂಚಲು ತಿರುಗಿಸಿ, ಮುಂದೆ ಒಂದು, ಹಿಂದೆ ಒಂದು, ಸಂದಿಯಲ್ಲಿ ಒಂದು, ಹಾ, ಹಾ, ಹಾ. ಒಂದು ಗೊಂಚಲು ಮುಗಿದರೆ ಅಂಗೈ ಸಡಿಲ. ಇನ್ನೊಂದು ಮುಗಿದರೆ ಮೊಣಕೈ ಸಡಿಲ. ತೊಗಟೆ ಸೊಂಟದಿಂದ ತೊಡೆಗೆ ಇಳಿಯಿತು.

ಐದನೆಯ ದಿನ ಬೆಳಿಗ್ಗೆ ಗುರುಬಾಯಿ ಬುತ್ತಿ ತಂದಳು. ಸೊಸೆಯನ್ನು ನೋಡಿ ಬುತ್ತಿ ಹಾಗೆಯೇ ಹಿಡಿದು ನಿಂತಳು. ಮಲಕವ್ವನ ತುಟಿ ಬಿಳಿಚಿತ್ತು. ಅವಳು ನಡೆದರೆ ಒಣ ಸೊಪ್ಪೆ ಕೂಡ ಸದ್ದು ಮಾಡುತ್ತಿರಲಿಲ್ಲ, ಅಷ್ಟು ಹಗುರ ಆಗಿದ್ದಳು.

"ಏನ ಮಾಡಾಕತ್ತಿ, ಏ ಹುಚ್ಚಿ?"

"ಹೊತ್ತು..." ಎಂದಳು ಮಲಕವ್ವ. "ಹೊತ್ತು... ಮುಣಗಸಾಕತ್ತೀನಿ, ಅತ್ತಿ."

ಮುದುಕಿಗೆ ಎಲ್ಲ ತಿಳಿಯಿತು. ಬುತ್ತಿ ನೆಲಕ್ಕಿಟ್ಟು ತಾನೂ ಒಂದು ಗೊಂಚಲಿಗೆ ಬಾಯಿ ಹಚ್ಚಿ ಹಾ ಎಂದಳು. ಮಂಜು ಹಿಡಿಯಿತು, ಆರಿ ಹೋಯಿತು. ಮತ್ತೆ ಹಾ ಎಂದಳು. ಮತ್ತೆ ಆರಿತು.

"ನನ್ನದೂ ತಗೋ, ಸುಡಗಾಡ ಬಳ್ಳೀ! ಹೊಳ್ಳಿ ಬ್ಯಾಡ ನನಗ!" ಎಂದು ಎದೆ ಬಡಿದುಕೊಂಡಳು.

"ಮಾತು ಕೊಟ್ಟವಳು ಅವಳು" ಎಂದಿತು ಬಳ್ಳಿ. ಅದರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಅದಕ್ಕೇ ಹೆದರಿಕೆಯಾಗುತ್ತಿತ್ತು.

ಮುದುಕಿ ಮತ್ತೇನು ಮಾಡಿಯಾಳು? ಮಾತಿನಲ್ಲಿ ಜನ್ಮದಲ್ಲಿ ಸೋಲದವಳು ಅವತ್ತು ಬಾಯಿ ಮುಚ್ಚಿಕೊಂಡು ಸೊಸೆಯ ಬೆನ್ನಿಗೆ ಕೈ ಕೊಟ್ಟು ನಿಂತಳು. ಒಂದೊಂದು ಗೊಂಚಲಿಗೂ ಆ ಬೆನ್ನು ತೆಳ್ಳಗಾಗುವುದು ಅವಳ ಅಂಗೈಗೆ ಗೊತ್ತಾಗುತ್ತಿತ್ತು.

ಮಧ್ಯಾಹ್ನವಾಯಿತು. ಮೇಲೆ ಸೂರ್ಯ ನೆತ್ತಿ ಸುಡುತ್ತಿದ್ದ. ಕೆಳಗೆ ಬಳ್ಳಿಯ ತುಂಬ ಬೆಳ್ಳಗೆ, ಮಬ್ಬಾಗಿ, ಸಾವಿರ ಹಣ್ಣು ಕಣ್ಣು ಮುಚ್ಚಿದ್ದವು. ತೊಗಟೆ ಬಾಗಪ್ಪನ ಪಾದಕ್ಕೆ ಇಳಿದಿತ್ತು. ಆದರೂ ಅವನು ನಿಂತೇ ಇದ್ದ. ಆದರೂ, "ಇನ್ನಾ ಹೊತ್ತೈತಿ" ಎನ್ನುತ್ತಲೇ ಇದ್ದ.

ಮಲಕವ್ವ ಹುಡುಕಿದಳು. ಎಲೆ ಸರಿಸಿ ಸರಿಸಿ ಹುಡುಕಿದಳು. ಕೊನೆಗೆ ಅವನ ಕೊರಳಿನ ಹತ್ತಿರ, ರುಮಾಲಿನ ಅಂಚಿನ ಕೆಳಗೆ, ಒಂದೇ ಒಂದು ಹಣ್ಣು ಸಿಕ್ಕಿತು. ಹೊಳೆಯುತ್ತಿತ್ತು. ಅದರಲ್ಲಿ ಒಂದು ಸೂರ್ಯ.

ಅವಳಲ್ಲೂ ಒಂದೇ ಉಸಿರು ಉಳಿದಿತ್ತು. ಬೆನ್ನ ಮೇಲೆ ಕೈ ಇಟ್ಟಿದ್ದ ಗುರುಬಾಯಿಗೂ ಅದು ಗೊತ್ತಾಯಿತು.

"ಬಿಡ ಮಲಕವ್ವ" ಎಂದಳು ಅತ್ತೆ. "ಅವ ನನ್ನ ಮಗ. ಹಡದಾಕಿ ನಾ. ನಾನಾ ಹೇಳಾಕತ್ತೀನಿ ನಿನಗ. ಅದೊಂದು ಹಣ್ಣು ಇರಲಿ. ಅವ ನಿಲ್ಲಲಿ. ನೀ ಮನೀಗೆ ಬಾ ನನ್ನವ್ವ."

ಮಲಕವ್ವ ಅತ್ತೆಯ ಕಡೆ ತಿರುಗಿ ನೋಡಿದಳು. ಮಾತಾಡಲು ಉಸಿರು ಇರಲಿಲ್ಲ. ಬಾಗಪ್ಪ ಆಡಿಸುತ್ತಿದ್ದ ಹಾಗೆ ತಲೆ ಆಡಿಸಿದಳು, ಹೂಂ ಎಂದೋ ಉಹೂಂ ಎಂದೋ ಮುದುಕಿಗೆ ಅರ್ಥವಾಗುವ ಮುಂಚೆಯೇ ಗಂಡನ ಕೊರಳಿಗೆ ಮುಖ ಹಚ್ಚಿ ಹಾ ಎಂದಳು.

ಕೊನೆಯ ಸೂರ್ಯ ಮುಳುಗಿದ.

ಬಳ್ಳಿ ಬಾಗಪ್ಪನ ಮೈಯಿಂದ ಸರಸರನೆ ಬಿಚ್ಚಿ ನೆಲಕ್ಕೆ ಬಿತ್ತು. "ಮುಯ್ಯಿ ತೀರಿತು" ಎಂದಿತು. ಮತ್ತೆ ಮಾತಾಡಲಿಲ್ಲ.

ಬಾಗಪ್ಪ ಕೈ ಇಳಿಸಿದ. ಸುಡುವ ಬಿಸಿಲಿನಲ್ಲಿ ನಿಂತು ಕಣ್ಣು ಉಜ್ಜಿಕೊಂಡ.

"ಹೊತ್ತು ಮುಣಗಿತಲ್ಲ" ಎಂದ. "ನಡೀ ಮಲಕವ್ವ, ಮನೀಗೆ ಹೋಗೂಣು. ಭಾಳ ಹಸಿವಾಗೇತಿ."

ಮಲಕವ್ವ ಅವನ ಎದೆಗೆ ಒರಗಿದ್ದಳು. ಒಂದು ಹಿಡಿ ಹುಲ್ಲಿನಷ್ಟೂ ಭಾರ ಇರಲಿಲ್ಲ. ಅವನು ಮತ್ತೆ ಕರೆದ. ಅವಳು ಓ ಎನ್ನಲಿಲ್ಲ.

"ಯವ್ವಾ, ಈಕಿ ಯಾಕ ಮಾತಾಡವಲ್ಲಳು?"

ಗುರುಬಾಯಿ ಸೊಸೆಯ ತಲೆ ನೇವರಿಸಿದಳು. ಬಾಗಪ್ಪನ ಕಣ್ಣು ಕಾಲ ಬಳಿ ಬಿದ್ದ ಗೊಂಚಲಿನ ಮೇಲೆ ಹೋಯಿತು. "ಹಣ್ಣಿನ ಮ್ಯಾಲ ಇದೇನ ಇದು, ಬೂದಿ?" ಎಂದು ಬಗ್ಗಿ ಹೆಬ್ಬೆರಳಿನಿಂದ ಒಂದು ಹಣ್ಣು ಒರೆಸಿಬಿಟ್ಟ.

"ಮುಟ್ಟಬ್ಯಾಡೋ!" ಎಂದು ಮುದುಕಿ ಅವನ ಕೈ ಹಿಡಿದು ಕಿರುಚಿದಳು. "ಮುಟ್ಟಬ್ಯಾಡ ನನ್ನಪ್ಪ. ಅದು ನಿನ್ನ ಹೆಂಡತಿ ಉಸಿರು."

ಒರೆಸಿದ ಜಾಗದಲ್ಲಿ ಹಣ್ಣು ಕಪ್ಪಗೆ ಹೊಳೆಯಿತು. ಒಳಗೆ ಪುಟ್ಟ ಸೂರ್ಯ ಒಮ್ಮೆ ಕಣ್ಣು ಬಿಟ್ಟ. ಹೋದ ಉಸಿರು ಮತ್ತೆ ಬಂದು ಅಲ್ಲಿ ಕೂರಲಿಲ್ಲ. ಬಾಗಪ್ಪ ಆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, ಆ ಸೀಮೆಯ ಗುಡ್ಡಗಳೆಲ್ಲ ಎದ್ದು ನಿಲ್ಲುವ ಹಾಗೆ ಅತ್ತ. ಆವತ್ತು ಡೋಣಿ ಹೊಳೆ ಒಂದೇ ದಿಕ್ಕು ಹಿಡಿದು ಹರಿದು ಹೋಯಿತಂತೆ, ಹಿಂದೆ ತಿರುಗಿ ಅವನನ್ನು ನೋಡಲಾರದೆ. ಅದರ ನೀರು ಉಪ್ಪಾದದ್ದೂ ಆಗಲೇ ಎನ್ನುತ್ತಾರೆ. ನನಗೆ ಗೊತ್ತಿಲ್ಲ, ನಾನೇನು ಕುಡಿದು ನೋಡಿಲ್ಲ.

ಗುರುಬಾಯಿ ಬಳ್ಳಿಯನ್ನು ಸುಡಲಿಲ್ಲ. ಸುಡಬೇಕೆಂದು ಕೊಳ್ಳಿ ಹಿಡಿದು ಬಂದಿದ್ದಳು. ಹಣ್ಣು ನೋಡಿ ಕೈ ಬರಲಿಲ್ಲ. ಅದರ ಬದಲು ಜಾಲಿ ಕಟ್ಟಿಗೆ ಕಡಿದು ತಂದು, ಆಳೆತ್ತರದ ಕಂಬ ನೆಟ್ಟು, ಮೇಲೆ ಅಡ್ಡಕ್ಕೆ ಎರಡು ತೋಳು ಕಟ್ಟಿದಳು. "ತಗೋ, ನಿಲ್ಲೂ ಆಳು. ಇನ್ನ ನಮ್ಮ ಹೊಸ್ತಿಲಕ್ಕ ಬರಬ್ಯಾಡ" ಎಂದಳು. ಬಳ್ಳಿ ತೆಪ್ಪಗೆ ಅದನ್ನೇ ಹತ್ತಿತು.

ಕೊಟ್ಟ ಉಸಿರನ್ನು ಬಳ್ಳಿ ಹೊಳ್ಳಿ ಕೊಡಲಾರದು. ಅದಕ್ಕೇ ಪ್ರತಿ ವರ್ಷ ಹೊಸ ಹಣ್ಣು ಮಾಗುವಾಗ ಬೇರಿನೊಳಗಿಂದ ಆ ಉಸಿರನ್ನು ತಂದು ಒಂದೊಂದು ಹಣ್ಣಿಗೂ ಹೊದಿಸುತ್ತದೆ. ಈಗ ನೀವು ದ್ರಾಕ್ಷಿ ತೋಟಕ್ಕೆ ಹೋಗಿ ನೋಡಿ, ಸುಡುವ ಬಿಸಿಲಿನಲ್ಲೂ ಕಪ್ಪು ಹಣ್ಣಿನ ಮೇಲೆ ಬೆಳ್ಳನೆಯ ಹುಡಿ ಕೂತಿರುತ್ತದೆ. ಬೆರಳು ತಾಗಿದರೆ ಅಳಿಸುತ್ತದೆ, ಅಳಿಸಿದರೆ ಮತ್ತೆ ಕೂರುವುದಿಲ್ಲ. ಅದಕ್ಕೇ ಗೊಂಚಲು ಕೊಯ್ಯುವ ಹೆಣ್ಣುಮಕ್ಕಳು ಇಂದಿಗೂ ಹಣ್ಣು ಮುಟ್ಟದೆ ದಂಟು ಹಿಡಿದು ಕತ್ತರಿಸಿ, ಮಲಗಿದ ಕೂಸನ್ನು ಇಳಿಸುವ ಹಾಗೆ ಮೆಲ್ಲಗೆ ಬುಟ್ಟಿಗೆ ಇಳಿಸುತ್ತಾರೆ.